ಶೆಟ್ಟರ ಹೊಗೆ, ನನ್ನ ಬಾಟಲಿ

ಸಿಗರೇಟು ಸೇದುವಾಗ ಕರುಣಾಕರ ಶೆಟ್ಟರು ಬಲಗೈಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಳ್ಳುತ್ತಿದ್ದರು. ದೋಸೆ ಹುಯ್ಯುವ ಕೈಗೆ ಹೊಗೆಯ ವಾಸನೆ ಹತ್ತಬಾರದು ಎನ್ನುವುದು ಅವರ ನೇಮ. ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯ ಉಡುಪಿ ಹೋಟೆಲೊಂದರ ಹಿಂಬದಿಯಲ್ಲಿ, ಕಸದ ಡಬ್ಬಿಗಳ ಪಕ್ಕ, ಆಪರೇಷನ್ನಿಗೆ ಹೊರಟ ಡಾಕ್ಟರ ಹಾಗೆ ಆ ಕೈ ಎತ್ತಿ ಹಿಡಿದು ನಿಂತಿದ್ದ ಅವರನ್ನು ನಾನು ಮೊದಲು ನೋಡಿದ್ದು ಸ್ಟ್ರಾಟ್‌ಫರ್ಡ್‌ನಲ್ಲಿ ಒಲಿಂಪಿಕ್ಸ್ ನಡೆದ ವರ್ಷ.

ಶೆಟ್ಟರು ಕುಂದಾಪುರದ ಕಡೆಯವರು, ನಾನು ಮೈಸೂರಿನವನು. ಪಕ್ಕದ ಎಜ್‌ವೇರ್‌ನಲ್ಲಿ ನನ್ನ ಫ್ಲ್ಯಾಟು, ಆಫೀಸಿನಲ್ಲಿ ಕೆಲಸ, ಸಂಜೆಯಾದರೆ ವಿಸ್ಕಿ. ಎರಡು ಪೆಗ್ಗಿನಿಂದ ಶುರುವಾಗಿದ್ದು ಅರ್ಧ ಬಾಟಲಿಗೆ ಬಂದು ನಿಂತಿತ್ತು. ಭಾನುವಾರ ಬೆಳಿಗ್ಗೆ ಹೋಟೆಲಿಗೆ ಹೋದರೆ ಶೆಟ್ಟರು ನನ್ನ ಕಣ್ಣು ನೋಡಿ, ಕೇಳುವ ಮೊದಲೇ ಮಜ್ಜಿಗೆ ಕಳಿಸುತ್ತಿದ್ದರು. ತಿಂಡಿಯ ಗಲಾಟೆ ಕಡಿಮೆಯಾದ ಮೇಲೆ ಹಿಂಬದಿಯಲ್ಲಿ ನಮ್ಮಿಬ್ಬರ ವಾದ.

"ಕೇಣಿ ಮರ್ರೆ, ನನ್ ಹೊಗಿ ನನ್ ಎದಿ ಒಂದನ್ನೇ ಸುಡೂದ್. ನಿಮ್ಮ್ ಕುಡ್ತ ಹಾಂಗಲ್ಲ, ಮನಿಮಂದಿನೆಲ್ಲ ಸುಡತ್ತ್," ಎನ್ನುತ್ತಿದ್ದರು.

"ನಿಮ್ಮ ಹೊಗೆ ಪಕ್ಕದಲ್ಲಿ ನಿಂತೋರ ಎದೆಗೂ ಹೋಗುತ್ತೆ ಶೆಟ್ಟರೇ. ನಾನು ಕುಡಿದ್ರೆ ಪಕ್ಕದವರಿಗೆ ಏರಲ್ಲ."

"ಸೇದಿ ಯಾರಾರೂ ಹೆಂಡ್ತಿಗ್ ಬೈದದ್ದ್ ಇತ್ತಾ?"

ಅಷ್ಟು ಹೊತ್ತಿಗೆ ಅವರಿಗೇ ಕೆಮ್ಮು ಹತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ನಾನು ಗೆದ್ದವನಂತೆ ನಗುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಒಂದು ಶನಿವಾರ ಮಧ್ಯಾಹ್ನ ಮಗಳು ಅನುವನ್ನು ಕನ್ನಡ ತರಗತಿಯಿಂದ ಕರೆತರಲು ಕಾರಿನಲ್ಲಿ ಹೋದೆ. ಹೋಗುವ ಮೊದಲು ಕುಡಿದಿದ್ದೆ. ಅಂದು ಮಕ್ಕಳಿಗೆ ಇಡ್ಲಿ ತಂದಿದ್ದ ಶೆಟ್ಟರು ತರಗತಿ ನಡೆಯುವ ಸಭಾಂಗಣದ ಬಾಗಿಲಲ್ಲೇ ನನ್ನನ್ನು ತಡೆದರು. ಕೈ ಚಾಚಿ, "ಕೀ ಕೊಡಿ," ಎಂದರು.

"ನಾನು ಸರಿಯಾಗೇ ಇದೀನಿ."

"ನೀವ್ ಸಮ ಇದ್ರೂ ನಂಗೆ ಬೇಕ್. ಕೊಡಿ."

ದನಿ ಏರಿಸಲಿಲ್ಲ, ಕೈಯನ್ನೂ ಹಿಂದೆಗೆಯಲಿಲ್ಲ. ಕೊಟ್ಟೆ. ಬಸ್ಸಿನಲ್ಲಿ ನಮ್ಮಿಬ್ಬರನ್ನೂ ಮನೆಗೆ ತಲುಪಿಸಿದರು. ದಾರಿಯುದ್ದಕ್ಕೂ ಅನು ಅವರ ಪಕ್ಕ ಕೂತಿದ್ದಳೇ ಹೊರತು ನನ್ನ ಪಕ್ಕ ಕೂರಲಿಲ್ಲ.

ಮರುದಿನ ನಾನು ತಲೆ ತಗ್ಗಿಸಿಕೊಂಡು ಹೋದಾಗ ಅವರು ಬೈಯಲಿಲ್ಲ. ತಮ್ಮ ಶ್ವಾಸಕೋಶ ಕೆಡುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದರು. "ಯಾವ್ದ್ ಹೆಚ್ಚ್, ಯಾವ್ದ್ ಕಮ್ಮಿ ಅಂತ ಮಾತಾಡ್ತಾ ಮಾತಾಡ್ತಾ ಇಬ್ರೂ ಸಾಯ್ತ್. ನಾಳೆಂದ ಎರಡೂ ಬಿಡುವ," ಎಂದರು.

ಬಿಟ್ಟೆವು. ಎರಡನೆಯ ದಿನ ಸಂಜೆ ಅವರು ನನಗೆ ಗಂಜಿ ತಂದರು. ನನಗೆ ಮೈಯೆಲ್ಲ ಬೆವರು. ಲೋಟ ಹಿಡಿಯಲಾಗದಷ್ಟು ಕೈ ನಡುಕ. ಅವರ ಕಣ್ಣೆದುರೇ ಫಿಟ್ಸ್ ಬಂದು ಬಿದ್ದೆನಂತೆ. ನನ್ನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡು, ನನ್ನ ಹೆಂಡತಿ ಸುಧಾಳಿಂದ ಆಂಬುಲೆನ್ಸಿಗೆ ಫೋನ್ ಮಾಡಿಸಿದ್ದು ಅವರೇ. ದಿನಾ ಅಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು, ಜೀವಕ್ಕೇ ಅಪಾಯ, ಔಷಧಿಯ ಆಸರೆಯಲ್ಲಿ ಬಿಡಬೇಕು ಎಂದು ಆಸ್ಪತ್ರೆಯ ಡಾಕ್ಟರು ವಿವರಿಸಿದರು. ಹಾಸಿಗೆಯ ಪಕ್ಕ ಕೂತಿದ್ದ ಶೆಟ್ಟರ ಮುಖ ಇಳಿದುಹೋಗಿತ್ತು.

"ನಂಗೆ ಗೊತ್ತಿರ್ಲಿಲ್ಲ ಮರ್ರೆ. ಸಿಗರೇಟಿನ್ ಹಾಂಗೇ ಅಂತ ಗ್ರೇಶಿದ್ದೆ. ನಿಮ್ಮನ್ನ್ ನಾನೇ ಕೊಂದ್ ಹಾಕ್ತಿದ್ದೆ." ನನ್ನ ಹೊದಿಕೆ ಸರಿಮಾಡಿ, "ನಿಮ್ಮದನ್ನ್ ಡಾಕ್ಟ್ರ್ ಬಿಡಿಸ್ಲಿ. ನಾನ್ ಸಂತಿಗೆ ಇರ್ತೆ," ಎಂದರು.

ಜೊತೆಗೇ ಇದ್ದರು. ಕುಡಿತ ಬಿಡುವವರ ಗುಂಪು ವಾರಕ್ಕೊಮ್ಮೆ ಚರ್ಚಿನ ಸಭಾಂಗಣದಲ್ಲಿ ಸೇರುತ್ತಿತ್ತು. ನನ್ನನ್ನು ಅಲ್ಲಿಗೆ ಬಿಟ್ಟು, ಹೊರಗಿನ ಬೆಂಚಿನಲ್ಲಿ ಸಿಗರೇಟಿನ ಬಯಕೆ ತಡೆಯುವ ನಿಕೊಟಿನ್ ಪ್ಯಾಚ್ ತೋಳಿಗೆ ಅಂಟಿಸಿಕೊಂಡು ಕಾಯುತ್ತಿದ್ದರು. ಚಳಿಯಲ್ಲಿ ಯಾಕೆ ಕೂರುತ್ತೀರಿ ಎಂದರೆ, ಹೋಟೆಲಿನಲ್ಲಿದ್ದರೆ ಕಾಲು ತಾನಾಗಿ ಹಿಂಬದಿಗೆ ಹೋಗುತ್ತದೆ ಎಂದರು.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು. "ನಿನ್ನೆ ಒಂದ್ ಎಳ್ದೆ. ಮುಚ್ಚಿಡೂಕ್ ಆತಿಲ್ಲೆ. ಇವತ್ತ್ ಮತ್ತೆ ಒಂದ್ನೇ ದಿನ."

ನಾನು ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲ ಮೇಲಿದ್ದೆ. ಕೋಟಿನ ಒಳಜೇಬಿನಲ್ಲಿ ನಾಲ್ಕು ದಿನದಿಂದ ಒಂದು ಸಣ್ಣ ಬಾಟಲಿ ಇಟ್ಟುಕೊಂಡಿದ್ದೆ. ಆ ವಿಷಯ ಸುಧಾಳಿಗೂ ಗೊತ್ತಿರಲಿಲ್ಲ, ಗುಂಪಿನವರಿಗೂ ಗೊತ್ತಿರಲಿಲ್ಲ. ಶೆಟ್ಟರಿಗೆ ಹೇಳಿದೆ. "ಈಗ್ಲೇ ಚೆಲ್ಲಿ. ನಾನ್ ಫೋನ್ ಇಡೂದಿಲ್ಲ," ಎಂದರು. ಚರಂಡಿಯ ಜಾಲರಿಯ ಮೇಲೆ ಬಗ್ಗಿಸಿದೆ. ಪೂರ್ತಿ ಖಾಲಿಯಾಯಿತೇ ಎಂದು ಎರಡು ಸಲ ಕೇಳಿದರು. ಅದಾದ ಮೇಲೆ ಇಬ್ಬರೂ ಜಾರಲಿಲ್ಲ.

ಆದರೆ ಇಬ್ಬರಿಗೂ ಸಿಕ್ಕಿದ್ದು ಒಂದೇ ಅಲ್ಲ. ನನ್ನ ಲಿವರ್ ಇನ್ನೂ ಕೆಟ್ಟು ಗಟ್ಟಿಯಾಗಿರಲಿಲ್ಲ. ವರ್ಷ ಕಳೆಯುವುದರೊಳಗೆ ರಕ್ತಪರೀಕ್ಷೆ ಸರಿಹೋಯಿತು. ಸಿಗರೇಟು ಬಿಟ್ಟಿದ್ದರಿಂದ ಅವರ ಕಾಯಿಲೆಯ ವೇಗ ತಗ್ಗಿತು, ಅಷ್ಟೆ. ಹೋದ ಶ್ವಾಸಕೋಶ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಕಾವಲಿಯ ಮುಂದೆ ನಿಲ್ಲುವುದು ಆಗದಾಯಿತು. ಆಮೇಲೆ ಮೂಗಿಗೆ ಆಕ್ಸಿಜನ್ ನಳಿಗೆ ಬಂತು.

ಕೊನೆಯ ಸಲ ನೋಡಿದಾಗ ಅವರು ತಮ್ಮ ಫ್ಲ್ಯಾಟಿನ ಕಿಟಕಿಯ ಪಕ್ಕ ಕೂತಿದ್ದರು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು.

"ಇನ್ನೆಂತಕೆ ಬಿಡೂದ್, ಹ್ಯಾಂಗೂ ಹೋಯ್ತಲ್ದಾ, ಒಂದ್ ಎಳೀರಿ ಅಂತ್ರ್ ಜನ," ಎಂದರು.

"ನೀವೇನಂದ್ರಿ?"

"ಉಳ್ದ್ ಇಪ್ಪ ಉಸ್ರ್ ನಂದ್ ಅಂದೆ. ಅದನ್ನ್ ಹೊಗಿಗ್ ಕೊಡೂದಿಲ್ಲ." ನನ್ನ ಮೊಣಕೈ ಹಿಡಿದುಕೊಂಡರು. ಹಿಡಿತ ಬಿಗಿಯಾಗಿಯೇ ಇತ್ತು. "ನೀವೂ ಕೊಡ್ಬೇಡಿ."

ಮುಂದಿನ ತಿಂಗಳು ಅವರು ಹೋದರು. ಅಂತ್ಯಕ್ರಿಯೆ ಮುಗಿಸಿ ನಾವೆಲ್ಲ ಒಬ್ಬ ಪರಿಚಯದವರ ಮನೆಯಲ್ಲಿ ಸೇರಿದ್ದೆವು. ಸಂಜೆಯಾಗುತ್ತಲೇ ಯಾರೋ ಬಾಟಲಿ ತೆರೆದು, ಶೆಟ್ಟರ ಹೆಸರಿನಲ್ಲಿ ಒಂದು ಎಂದು ನನ್ನ ಮುಂದೆ ಗ್ಲಾಸು ಇಟ್ಟರು. ವಾಸನೆ ಮೂಗಿಗೆ ಬಡಿಯಿತು; ಬಾಯಲ್ಲಿ ನೀರೂರಿತು. ಎದ್ದು, ಮನೆಯವರಿಗೆ ಕೈಮುಗಿದು, ಬಸ್ಸಿಗೂ ಕಾಯದೆ ಮಳೆಯಲ್ಲೇ ನಡೆದು ಎಜ್‌ವೇರ್ ಸೇರಿದೆ.

ಸುಧಾ ಬಾಗಿಲು ತೆರೆದಳು. ಎಷ್ಟೋ ವರ್ಷ ಅವಳು ಬಾಗಿಲಲ್ಲೇ ಮೊದಲು ನನ್ನ ಬಾಯಿಯ ಹತ್ತಿರ ಮುಖ ತಂದು ಮೂಸಿ, ಆಮೇಲೆ ಮಾತಾಡುತ್ತಿದ್ದಳು. ಆ ದಿನ ಮೂಸಲಿಲ್ಲ. ನನ್ನ ಒದ್ದೆಯಾದ ಶೂಗಳನ್ನು ನೋಡಿ, "ಬನ್ನಿ, ಊಟ ಮಾಡೋಣ," ಎಂದಳು.