ನೂರಾ ನಲವತ್ತೇಳರಲ್ಲಿ ನಿಂತ ಪ್ರೋಗ್ರಾಮ್

ಅಗೋಚರ, ನಿಗೂಢ ಎನ್ನುವ ಮಾತು ಕೇಳಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ನಮ್ಮ ಆಫೀಸಿನಲ್ಲಿ ಪ್ರಿಂಟರ್ ಕೈಕೊಟ್ಟರೂ ನಿಂಬೆಹಣ್ಣು ತರುವವರಿದ್ದರು. ಅವರನ್ನು ನಾನು ರೇಗಿಸಿದ್ದಕ್ಕೆ ಮಿತಿಯಿಲ್ಲ. ಕಂಪ್ಯೂಟರ್ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎನ್ನುತ್ತಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೇನೆ. ಒಂದು ಮಧ್ಯಾಹ್ನದ ವಿಷಯವನ್ನು ಮಾತ್ರ ಹಾಗೆ ನಕ್ಕು ತಳ್ಳಿಹಾಕಲಾರೆ.

ಆಗ ನಾನು ಸಂಡೂರಿನ ಗುಡ್ಡದ ಮೇಲಿನ ಒಂದು ಅದಿರಿನ ಗಣಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ದಿನವೂ ಹೊಸಪೇಟೆಯಿಂದ ಬಸ್ಸು. ಬಂಡೆ ಸಿಡಿಸುವ ಮೊದಲು ಕೆಳಗೆ ಗಣಿಯ ಗುಂಡಿಯಲ್ಲಿದ್ದವರೆಲ್ಲ ಹೊರಗೆ ಬಂದು ತಮ್ಮ ತಮ್ಮ ನಂಬರಿನ ಬಿಲ್ಲೆಯನ್ನು ಗೇಟಿನ ಹಲಗೆಗೆ ನೇತುಹಾಕಬೇಕು. ಆ ನಂಬರುಗಳನ್ನು ಕಂಪ್ಯೂಟರಿಗೆ ಹಾಕಿದರೆ, ನಾನು ಬರೆದ ಪುಟ್ಟ ಪ್ರೋಗ್ರಾಮ್ ಅವನ್ನು ಬೆಳಗಿನ ಹಾಜರಿಯೊಂದಿಗೆ ತಾಳೆ ನೋಡುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ‘ಎಲ್ಲರೂ ಹೊರಗಿದ್ದಾರೆ’ ಎಂದು ಬಂದರೆ ನಾನು ಚೀಟಿಗೆ ಸಹಿ ಹಾಕುವುದು, ಆಮೇಲೆ ಸೈರನ್, ಆಮೇಲೆ ಸ್ಫೋಟ.

ಅಂದು ಪ್ರೋಗ್ರಾಮ್ ಮುಗಿಯಲೇ ಇಲ್ಲ. ಐದು ನಿಮಿಷವಾಯಿತು. ಫೋರ್‌ಮನ್ ಹನುಮಂತಪ್ಪ ಬಾಗಿಲಿಗೆ ಬಂದು ನಿಂತರು.

“ಮೇಡಂ, ಜಲ್ದಿ ಮಾಡ್ರಿ. ಮದ್ದು ತುಂಬಿ ಭಾಳ ಹೊತ್ತಾತು. ಹಲಗಿ ಮ್ಯಾಲ ಎಲ್ಲಾ ಬಿಲ್ಲಿ ಅದಾವ, ನಾನೇ ಎಣಿಸೀನಿ. ಸಹಿ ಹಾಕ್ರಿ, ಸಾಕು.”

ಮುಚ್ಚಿಡುವುದೇಕೆ, ನಾನು ಪೆನ್ನು ಕೈಗೆತ್ತಿಕೊಂಡಿದ್ದೆ. ಆದರೆ ನಾನೇ ಬರೆದದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡದೆ ಬಿಡಲು ಮನಸ್ಸಾಗಲಿಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದರೆ, ಅದು ತಾನು ಎಲ್ಲಿದ್ದೆ ಎಂದು ತೋರಿಸಿ ನಿಲ್ಲುತ್ತದೆ. ತಡೆದೆ. 147ನೇ ಬಿಲ್ಲೆಯ ಮೇಲೆ ನಿಂತಿತ್ತು. ಮತ್ತೆ ಓಡಿಸಿ ಮತ್ತೆ ತಡೆದೆ, 147. ಮೂರನೆಯ ಸಲವೂ ಅದೇ. ಹಾಜರಿ ಪುಸ್ತಕ ತೆರೆದು ನೋಡಿದೆ.

ಅದು ಚೋರನೂರಿನ ತಿಪ್ಪೇಸ್ವಾಮಿಯ ನಂಬರು.

“ಅವನ ಬಿಲ್ಲಿನೂ ಐತ್ರಿ,” ಎಂದರು ಹನುಮಂತಪ್ಪ.

“ಬಿಲ್ಲಿ ಬ್ಯಾಡ್ರಿ, ಆ ಮನಷ್ಯಾನ್ನ ತೋರಸ್ರಿ,” ಎಂದೆ.

ಅವರು ಗೊಣಗುತ್ತಲೇ ಗೇಟಿಗೆ ಹೋಗಿ ಹೆಸರು ಹಿಡಿದು ಕೂಗಿದರು. ಯಾರೂ ಓಗೊಡಲಿಲ್ಲ. ಕೊನೆಗೆ ಅವನ ಜೊತೆಗಾರನೊಬ್ಬ ತಲೆ ತಗ್ಗಿಸಿ ಮುಂದೆ ಬಂದ. “‘ಬುತ್ತಿ ಮರ್ತೀನಿ, ತರ್ತೀನಿ, ನನ್ನ ಬಿಲ್ಲಿನೂ ನೀನೇ ಹಾಕಲೇ’ ಅಂದು ಹ್ವಾದ್ರಿ. ಬಂದಾನ ಅನ್ಕೊಂಡಿದ್ದೆ.”

ಕೆಳಗೆ ಹುಡುಕಲು ಇಳಿದವರಿಗೆ ತಿಪ್ಪೇಸ್ವಾಮಿ ಸಿಕ್ಕಿದ. ಜಾರಿಬಿದ್ದು ಕಾಲು ಮುರಿದಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹೊತ್ತು ತಂದಾಗ ಅವನು ಪಿಸುಗುಟ್ಟಿದ್ದು ಒಂದೇ ಮಾತು: “ಸೈರನ್ ಆತೇನ್ರಿ?” ಇಲ್ಲಪ್ಪ, ಇಲ್ಲ ಎಂದೆ. ಹೋದ ಜೀವ ಬಂದಂತಾಗಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹನುಮಂತಪ್ಪ ನೀರು ತಂದುಕೊಟ್ಟರು.

ಸಂಜೆ ಅದೇ ನಂಬರುಗಳನ್ನು, ಒಂದನ್ನೂ ಬದಲಿಸದೆ, ಮತ್ತೆ ಓಡಿಸಿದೆ. ತಕ್ಷಣ ಮುಗಿಯಿತು. ‘ಎಲ್ಲರೂ ಹೊರಗಿದ್ದಾರೆ’ ಎಂದಿತು. ಬಿಲ್ಲೆ ಹಲಗೆಯ ಮೇಲಿದ್ದ ಮೇಲೆ ಅದು ಹೇಳಬೇಕಾದದ್ದೂ ಅದನ್ನೇ. ಆಮೇಲೆ ಎಷ್ಟು ಸಲ ಓಡಿಸಿದರೂ ಎಲ್ಲಿಯೂ ನಿಲ್ಲಲಿಲ್ಲ. ಬಲ್ಲವರಿಗೆ ತೋರಿಸಿದೆ. ಯಂತ್ರ ಎಲ್ಲೋ ತಡವರಿಸಿರಬೇಕು ಎಂದರು. ಇರಬಹುದು. ಆದರೆ ಅಷ್ಟು ಜನರಲ್ಲಿ ಅವನ ನಂಬರಿನಲ್ಲೇ, ಅದೂ ಮೂರು ಸಲ ಏಕೆ? ಅಂದು ಅದು ಸರಿಯಾಗಿ ಓಡಿದ್ದರೆ ನಾನು ಸಹಿ ಹಾಕುತ್ತಿದ್ದೆ, ಅಷ್ಟು ಮಾತ್ರ ನನಗೆ ಗೊತ್ತು.