ತಿಳಸ್ತೀವಿ ಅಂದವರ ಬಾಗಿಲು

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕಡಲೆ ಕೀಳುವ ಕೆಲಸ ನೆಪವಾಯಿತು, ಒಮ್ಮೆ ಮನೆಗೆ ಬಂದ ಬೀಗರು. ಈಗ ನೆಪಗಳು ಮುಗಿದಿವೆ. ನನಗೆ ಮೂವರು ಮೊಮ್ಮಕ್ಕಳು, ಮೂವರೂ ಹೆಣ್ಣು. ಇದು ಅವರಲ್ಲಿ ಒಬ್ಬಳ ಸಂಗತಿ. ಯಾರೆಂದು ಬರೆಯುವುದಿಲ್ಲ. ತಪ್ಪಾಯಿತು ಎಂದು ಅವಳಿಗೆ ಇನ್ನೂ ಹೇಳಿಲ್ಲದವನು ಅವಳ ಹೆಸರನ್ನು ಕಾಗದದ ಮೇಲೆ ಹೇಗೆ ಹಾಕಲಿ?

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಸಂಶಿಯ ಕಡೆಯ ಹಳ್ಳಿ, ಎರೆಹೊಲ. ಒಕ್ಕಲುತನದ ಜೊತೆಗೆ ಇನ್ನೊಂದು ಕೆಲಸ ನನಗೆ ತಾನಾಗಿ ಅಂಟಿಕೊಂಡಿತ್ತು. ಊರಿನಲ್ಲಿ ಯಾರ ಮನೆಯವರು ಹೆಣ್ಣು ನೋಡಲು ಹೊರಟರೂ ಹಿರಿಯನೆಂದು ನನ್ನನ್ನು ಕರೆದೊಯ್ಯುತ್ತಿದ್ದರು. ಉಪ್ಪಿಟ್ಟು ತಿಂದು, ಚಹಾ ಕುಡಿದು, ಏಳುವಾಗ ನಾನು "ತಿಳಸ್ತೀವ್ರಿ" ಅನ್ನಬೇಕು. ಹುಡುಗಿ ಮನಸ್ಸಿಗೆ ಬಂದಿದ್ದರೆ ಕೆಲವೇ ದಿನಗಳಲ್ಲಿ ನಮ್ಮ ಕಡೆಯಿಂದ ಯಾರಾದರೂ ಹೋಗುತ್ತಿದ್ದರು. ಇಲ್ಲವಾದರೆ ಯಾರೂ ಹೋಗುತ್ತಿರಲಿಲ್ಲ. ಅಮಾವಾಸ್ಯೆ ದಾಟಿತೆಂದರೆ ಹೆಣ್ಣಿನವರೇ ಅರ್ಥಮಾಡಿಕೊಳ್ಳುತ್ತಿದ್ದರು. ಬೇಡ ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಯಾಕೆ ಸುಮ್ಮನಾದಿರಿ ಎಂದು ಕೇಳಲು ಹೋಗುವುದೂ ಇಲ್ಲ; ಹೋದರೆ ಹುಡುಗಿಯ ಮರ್ಯಾದೆ ಹೋಗುತ್ತದೆ.

ಈ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದಳು. ಮೊದಲ ಪಟ್ಟಿಯಲ್ಲಿ ಅವಳು ಬರಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿದ್ದಳು. ಕೌನ್ಸೆಲಿಂಗಿಗೆ ಹೋಗಿ ಬಂದ ಸಂಜೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ವಿಚಾರಿಸಿದೆ. ಎಂಥ ಕೋಣೆ, ಎಷ್ಟು ಮಂದಿ ಕೂತಿದ್ದರು, ಯಾರು ಮಾತನಾಡಿದರು, ಎಲ್ಲವೂ ನನಗೆ ಬೇಕಿತ್ತು.

"ಕಡೀಕ ಏನಂದ್ರವಾ?"

"ಸೀಟು ಖಾಲಿ ಆದ್ರ ತಿಳಸ್ತೀವಿ, ಈಗ ಹೋಗ್ರಿ ಅಂದ್ರಜ್ಜಾ."

ಆ ಮಾತನ್ನು ನಾನು ಎಷ್ಟು ಅಂಗಳಗಳಲ್ಲಿ ಆಡಿ ಬಂದಿಲ್ಲ!

ಅಂದಿನಿಂದ ಅವಳ ಕಾಯುವಿಕೆ ಶುರುವಾಯಿತು, ನನ್ನದೂ. ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ, ಮಾಳಿಗೆ ಹತ್ತಬೇಕು. ಒಣಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ಅವಳು ಫೋನು ಹಿಡಿದು ಕೂತಿರುತ್ತಿದ್ದಳು. ನಾನು ಕೆಳಗಿನಿಂದ "ಬಂತೇನಬೇ?" ಎಂದು ಕೂಗುತ್ತಿದ್ದೆ.

"ಇಲ್ಲಜ್ಜಾ. ಓದಾಕಿ ನಾನೋ ನೀನೋ? ನನಗಿಂತ ನಿನಗ ಅವಸರ."

ಸೊಸೆ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು: "ನೋಡಿ ನೋಡಿ ಆ ಫೋನ್ ಸವದು ಹೋಗತೈತಿ. ಮೆಣಸಿನಕಾಯಿ ಆದ್ರೂ ತಿರುವಿ ಹಾಕ."

ಅಮಾವಾಸ್ಯೆ ಬಂತು, ಹೋಯಿತು. ಒಂದು ಬೆಳಗ್ಗೆ ಅವಳು ತಲೆ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದಳು.

"ಅಜ್ಜಾ, ಧಾರವಾಡಕ್ಕ ಹೋಗಿ ಒಮ್ಮೆ ಕೇಳಿ ಬರ್ತೀನಿ."

"ಏನಂತ ಕೇಳ್ತೀ?"

"ನನ್ನ ಸೀಟಿಂದು ಏನಾತು ಅಂತ."

"ಬ್ಯಾಡ. ಅವ್ರು ಸುಮ್ನದಾರಂದ್ರ ತಿಳೀಲಿಲ್ಲೇನು? ಬ್ಯಾಡಾದವ್ರ ಬಾಗಲಕ್ಕ ಹೋಗಿ ನಿಂದರತೀಯೇನು ನೀನು?"

ಅವಳು ತನ್ನ ಅಪ್ಪನ ಕಡೆ ನೋಡಿದಳು. ನನ್ನ ಮಗ ನನ್ನೆದುರು ಮಾತನಾಡುವವನಲ್ಲ. ಅವಳು ಚೀಲವನ್ನು ಗೂಟಕ್ಕೆ ಹಾಕಿ ಹಿತ್ತಲಿಗೆ ಹೋದಳು. ಒಳ್ಳೆಯದನ್ನೇ ಮಾಡಿದೆ ಎಂದು ಆ ದಿನ ನಾನು ನಂಬಿದ್ದೆ, ಇದೂ ನಿಜ. ಕೆಲವು ವಾರಗಳ ಮೇಲೆ ಅವಳು ಸಂಶಿಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಲು ಹೋಗತೊಡಗಿದಳು.

ಚಳಿಗಾಲದಲ್ಲಿ ಕಣ್ಣು ತೋರಿಸಲೆಂದು ಒಬ್ಬನೇ ಧಾರವಾಡಕ್ಕೆ ಹೋದೆ. ಕೆಲಸ ಬೇಗ ಮುಗಿಯಿತು. ನಮ್ಮ ಹುಡುಗಿಯನ್ನು ಬೇಡವೆಂದ ಮನೆ ಹೇಗಿದೆ ನೋಡಬೇಕೆಂಬ ಕುತೂಹಲ ತಡೆಯಲಾಗಲಿಲ್ಲ. ಕೇಳುತ್ತ ಕೇಳುತ್ತ ಯೂನಿವರ್ಸಿಟಿಯ ಸೀಟು ಕೊಡುವ ಕಚೇರಿಗೆ ಹೋದೆ. ಕಿಟಕಿಯ ಹಿಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು. "ಬರ್ರಿ ಅಜ್ಜಾರ, ಏನಾಗಬೇಕಿತ್ತು?" ಎಂದಳು.

ನನ್ನ ಮೊಮ್ಮಗಳು ಅನ್ನಲು ನಾಲಗೆ ಏಳಲಿಲ್ಲ. "ನಮ್ಮೂರ ಹುಡುಗಿ ಒಬ್ಬಾಕಿ ಅದಾಳ್ರಿ. ವೇಟಿಂಗ್‌ನ್ಯಾಗಿದ್ಲು. ನೀವು ಬ್ಯಾಡಂದ್ರಿ," ಎಂದೆ.

"ನಾವೆಲ್ಲಿ ಬ್ಯಾಡಂದಿವ್ರಿ?"

"ಏನೂ ಹೇಳಲೇ ಇಲ್ಲಲ್ರಿ."

"ಹೇಳಿಲ್ಲಂದ್ರ ಇನ್ನೂ ಠರಾವ್ ಆಗಿಲ್ಲಂತ ಅರ್ಥರಿ. ವೇಟಿಂಗ್‌ನವ್ರು ಬಂದು ಕೇಳ್ತಾರ, ಇಲ್ಲೇ ಕುಂದರ್ತಾರ. ಕಡೀಕ ಉಳದ ಸೀಟು ಹಂಗ ಬಂದವ್ರಿಗೇ ಕೊಟ್ವಿ. ಬೋರ್ಡಿಗೂ ಹಚ್ಚಿದ್ವಿ."

ಹೊರಗೆ ಬಂದು ಆ ಬೋರ್ಡನ್ನು ಹುಡುಕಿ ನೋಡಿದೆ. ಬೇರೆ ಯಾವುದೋ ಪರೀಕ್ಷೆಯ ಕಾಗದಗಳಿದ್ದವು. ಎಷ್ಟು ಹೊತ್ತು ನಿಂತಿದ್ದೆನೋ, ಜವಾನ ಬಂದು ಏನು ಬೇಕೆಂದು ಕೇಳಿದ.

ಮನೆಗೆ ಬಂದಾಗ ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಡಾಕ್ಟರ್ ಏನಂದ್ರಜ್ಜಾ?" ಎಂದಳು. "ಚೊಲೋ ಅದಾವಂತ," ಎಂದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಕೇಳಿದಳು, "ಯೂನಿವರ್ಸಿಟಿ ಕಡೆ ಹೋಗಿದ್ಯೇನು?" ಇಲ್ಲ ಎಂದೆ. ಅವಳನ್ನು ಹೋಗಗೊಡದೆ ಇದ್ದದ್ದು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಿದ್ದು.

ಮರುವರ್ಷ ಅವಳು ಮತ್ತೆ ಅರ್ಜಿ ಹಾಕಿದಳು. ಮತ್ತೆ ವೇಟಿಂಗ್, ಮತ್ತೆ ಸದ್ದಿಲ್ಲ. ಈ ಸಲ ಮಾಳಿಗೆ ಹತ್ತಲೂ ಇಲ್ಲ. ಹೋಗಿ ಕೇಳಬಾರದೇನವಾ ಎಂದು ನಾನೇ ಬಾಯಿಬಿಟ್ಟೆ.

"ಯಾಕ ಕೇಳೂದಜ್ಜಾ? ಬೇಕಾದ್ರ ಅವ್ರ ಕರೀತಾರ."

ನಾನು ಕಲಿಸಿದ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು. ಕೇಳಿ ನನಗೆ ಹೆದರಿಕೆಯಾಯಿತು. "ಏಳು, ಹೋಗೂಣು. ನಾನೂ ಬರ್ತೀನಿ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆದರೂ ಹೊರಟಳು. ಬಸ್ಸಿನಲ್ಲಿ ಹೇಳಿಬಿಡಬೇಕೆಂದಿದ್ದೆ. ಹುಬ್ಬಳ್ಳಿ ಬಂತು, ಬಸ್ಸು ಬದಲಾಯಿಸಿದೆವು, ಧಾರವಾಡವೂ ಬಂತು. ಹೇಳಲಿಲ್ಲ.

ಕಿಟಕಿಯ ಹಿಂದೆ ಅದೇ ಹೆಣ್ಣುಮಗಳಿದ್ದಳು. ಮೊಮ್ಮಗಳ ನಂಬರು ನೋಡಿ, "ನಿನಗಿಂತ ಮುಂದ ಇಬ್ಬರದಾರವಾ. ಶುಕ್ರವಾರ ಮುಂಜಾನೆ ಬಂದು ಇಲ್ಲೇ ಕುಂದರು. ಬಹುಶಃ ಆಗತೈತಿ," ಎಂದಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಅಜ್ಜಾರ, ಹೋದ ವರ್ಷನೂ ಬಂದಿದ್ರಲ್ಲ ನೀವು? ನಿಮ್ಮೂರ ಹುಡುಗಿ ಒಬ್ಬಾಕೀದು ಕೇಳಿದ್ರಿ. ಆಕೀದೇನಾತ್ರಿ?"

ಮೊಮ್ಮಗಳು ನನ್ನ ಕಡೆ ತಿರುಗಿದಳು, ಮತ್ತೆ ಕಿಟಕಿಯ ಕಡೆ ತಿರುಗಿದಳು.

"ಆಕಿ ಸಾಲ್ಯಾಗ ಕಲಸ್ತಿದ್ಲರಿ," ಎಂದಳು. "ಈ ವರ್ಷ ಬಂದಾಳ್ರಿ."

ಶುಕ್ರವಾರ ಅವಳು ಒಬ್ಬಳೇ ಹೋಗಿ ಕೂತಳು. ಸೀಟು ಸಿಕ್ಕಿತು. ಈಗ ಹಾಸ್ಟೆಲ್ಲಿನಲ್ಲಿದ್ದಾಳೆ, ಹಬ್ಬಕ್ಕೆ ಬರುತ್ತಾಳೆ. ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾರೆ, ಹಾಸ್ಟೆಲ್ಲಿನ ರೊಟ್ಟಿ ಹೇಗಿರುತ್ತದೆ, ಎಲ್ಲವನ್ನೂ ಕೇಳುತ್ತೇನೆ. ಬೇಸರವಿಲ್ಲದೆ ಹೇಳುತ್ತಾಳೆ. ಆ ಕಿಟಕಿಯ ಮುಂದೆ ಅವಳು ಏನು ಅಂದುಕೊಂಡಳು ಎಂಬುದೊಂದನ್ನು ಕೇಳಿಲ್ಲ. ಕೇಳಬೇಕಾದರೆ ಮೊದಲು ನಾನು ಹೇಳಬೇಕಾದದ್ದಿದೆ.