ಜೇಬಿಗೆ ಇಳಿದ ಕೀ

ಚಿಕ್ಕಮಗಳೂರಿನ ಶೋರೂಮಿನಲ್ಲಿ ಕಾರು ತೋರಿಸುತ್ತಿದ್ದ ಹುಡುಗಿ ಕಪ್ಪು ಪ್ಲಾಸ್ಟಿಕ್ಕಿನ ತುಂಡೊಂದನ್ನು ನನ್ನ ಅಂಗೈಗೆ ಹಾಕಿ, "ಇದೇ ಕೀ ಸಾರ್. ಎಲ್ಲೂ ಚುಚ್ಚೋದು ಬೇಡ, ಜೇಬಲ್ಲಿಟ್ಕೊಳ್ಳಿ, ಬಟನ್ ಒತ್ತಿ, ಅಷ್ಟೇ" ಎಂದಳು. ಜೇಬಲ್ಲಿ ಕೀ ಎಂದ ಕೂಡಲೇ ಬ್ರೇಕ್ ಸುಟ್ಟ ವಾಸನೆ ಬಂತು. ಎಸಿ ಹಾಕಿದ ಶೋರೂಮಿನಲ್ಲಿ, ನಿಂತ ಕಾರಿನೊಳಗೆ, ಬ್ರೇಕ್ ಸುಡುವುದೆಲ್ಲಿಂದ? ಅದು ಕಾಕಾ ಅವರ ಕಾರಿನ ವಾಸನೆ... ಇಷ್ಟು ವರ್ಷ ನನ್ನ ಮೂಗಿನೊಳಗೇ ಎಲ್ಲೋ ಮಲಗಿತ್ತು.

ಮೂಡಿಗೆರೆಯಲ್ಲಿ ನಾನು ಹೊಸದಾಗಿ ಕಾಲೇಜು ಮೇಷ್ಟ್ರಾಗಿದ್ದಾಗ ಅವರದು ಪಕ್ಕದ ಮನೆ. ಕಾಳುಮೆಣಸಿನ ವ್ಯಾಪಾರಿ. ಬೀದಿಗೆಲ್ಲ ಕಾಕಾ. ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗಿ ಮೆಣಸು ಕಚ್ಚಿ ನೋಡುತ್ತಿದ್ದ ಅವರಿಗೆ ಭಾನುವಾರ ಮಾತಿಗೊಬ್ಬರು ಜೊತೆ ಬೇಕಿತ್ತು. ನನಗೆ ಇಳಿಜಾರಿನ ರಸ್ತೆಯೆಂದರೆ ಭಯ. ಬರುವುದಿಲ್ಲ ಎಂದು ಹಿರಿಯರಿಗೆ ಹೇಳುವುದಕ್ಕೆ ಇನ್ನೂ ಭಯ. ಹಾಗಾಗಿ ಹೋಗುತ್ತಿದ್ದೆ.

ಆಗ ಅವರ ಹತ್ತಿರ ದುಂಡುಮುಖದ ಹಳೆಯ ದೇಶಿ ಕಾರಿತ್ತು. ಏರಿನಲ್ಲಿ ಅದು ಕುಡಿದ ಪೆಟ್ರೋಲಿಗೆ ಕಾಕಾ ಇಳಿಜಾರಿನಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದರು. ನೆತ್ತಿ ಮುಟ್ಟಿದೊಡನೆ ಗೇರು ತಪ್ಪಿಸಿ, ಎಂಜಿನ್ ಆರಿಸಿ, ಕೀ ಕಿತ್ತು ಅಂಗಿಯ ಜೇಬಿಗೆ ಇಳಿಬಿಡುವರು. ಎಂಜಿನ್ ಆರಿಸಿ ಇಳಿಸುವ ಡ್ರೈವರುಗಳು ನಮ್ಮ ಕಡೆ ಬೇಕಾದಷ್ಟು ಜನ ಇದ್ದರು. ಕೀಯನ್ನೂ ಕೀಳುತ್ತಿದ್ದವರು ಇವರೊಬ್ಬರೇ. ಅಂಗಡಿ ಮುಚ್ಚಿದ ಮೇಲೆ ಬೀಗದಲ್ಲೇ ಕೀ ಬಿಡುವವರುಂಟೇ ಎಂಬುದು ಅವರ ನ್ಯಾಯ. ಆಮೇಲೆ ಬರೀ ಟಯರಿನ ಸರಸರ, ಗಾಳಿ, ಜೀರುಂಡೆ... ನಾನು ಬಾಗಿಲ ಮೇಲಿನ ಹಿಡಿಗೆ ಎರಡೂ ಕೈಯಲ್ಲಿ ಜೋತುಬಿದ್ದು, ಮನೆಗೆ ಸುದ್ದಿ ಮುಟ್ಟಿಸುವವರು ಯಾರಿರಬಹುದು ಎಂದು ಯೋಚಿಸುತ್ತಿದ್ದೆ.

"ಇಳಿಜಾರಲ್ಲಿ ಪೆಟ್ರೋಲ್ ಸುಡೋದಂದ್ರೆ ಆಷಾಢದಲ್ಲಿ ತೋಟಕ್ಕೆ ನೀರು ಹೊಡೆದ ಹಾಗೆ ಮಾರಾಯ್ರೇ" ಎನ್ನುವರು. "ಆ ಹಿಡಿ ಬಿಡಿ ಮೇಷ್ಟ್ರೇ. ಕಿತ್ತು ಬಂದ್ರೆ ಅದು ನಿಮ್ಮ ಕೈಲಿರುತ್ತೆ, ಕಾರು ಮುಂದೆ ಹೋಗಿರುತ್ತೆ."

ಆ ಕಾರು ಮುದಿಯಾದಾಗ ಹೊಸದು ದೇಶಿಯೋ ಫಾರಿನ್ನೋ ಎಂಬ ಚರ್ಚೆ ಒಂದು ಮಳೆಗಾಲವಿಡೀ ಅವರ ಜಗಲಿಯಲ್ಲಿ ನಡೆಯಿತು. "ದೇಶಿದು ಗದ್ದೆ ಉಳೋ ಎತ್ತಿನ ಹಾಗೆ, ಯಾವ ಗ್ಯಾರೇಜಿನವನೂ ಗುದ್ದಿ ಎಬ್ಬಿಸ್ತಾನೆ. ಆದ್ರೆ ಮೇವು ಜಾಸ್ತಿ. ಫಾರಿನ್‌ದು ಕಮ್ಮಿ ತಿನ್ನುತ್ತೆ, ಕಾಯಿಲೆ ಬಿದ್ರೆ ಮಾತ್ರ ಮಂಗಳೂರಿಗೇ ಹೊರಬೇಕು" ಎನ್ನುವರು ಕಾಕಾ. ನನ್ನನ್ನು ಕೇಳಿದಾಗ ಎರಡರಲ್ಲೂ ಕೆಟ್ಟದ್ದೇನಾಗಬಹುದೆಂದು ಸಮನಾಗಿ ವಿವರಿಸಿದೆ. ಕೊನೆಗೆ ಮೈಲೇಜೇ ಗೆದ್ದಿತು. ಬೆರಳ ತುದಿಗೆ ಸ್ಟಿಯರಿಂಗ್ ತಿರುಗುವ, ಹಗುರಾದ ವಿದೇಶಿ ಕಂಪನಿಯ ಕಾರು ಅಂಗಳಕ್ಕೆ ಬಂತು.

"ಇದನ್ನೂ ಆಫ್ ಮಾಡ್ತೀರಾ ಕಾಕಾ?"

"ಮತ್ತೆ? ಕಮ್ಮಿ ಕುಡಿಯೋದಕ್ಕೆ ಪೂರಾ ಉಪವಾಸ ಹಾಕಿದ್ರೆ ಇನ್ನೂ ಲಾಭ ಅಲ್ವಾ?"

ಮಲ್ಲಂದೂರು ಕಡೆಯ ಎಸ್ಟೇಟೊಂದಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಹೊಸ ಕಾರಿಗೆ ಅದೇ ಮೊದಲ ದೊಡ್ಡ ಇಳಿಜಾರು. ಒಳ್ಳೆಯ ಬಿಸಿಲು. ನೆತ್ತಿ ಬಂತು, ಎಂಜಿನ್ ಆರಿತು, ಕೀ ಜೇಬಿಗಿಳಿಯಿತು. ಎಡಕ್ಕೆ ಗುಡ್ಡ ಕಡಿದ ಮಣ್ಣಿನ ಧರೆ, ಬಲಕ್ಕೆ ಕಣಿವೆ. ಮೊದಲ ತಿರುವು ಎಡಕ್ಕಿತ್ತು. ಕಾಕಾ ಸ್ಟಿಯರಿಂಗ್ ಒಂದಿಷ್ಟು ತಿರುಗಿಸಿದರು. ಟಕ್ ಎಂದು ಸದ್ದಾಯಿತು. ಮತ್ತೆ ಅದು ಆಚೆಗೂ ಇಲ್ಲ, ಈಚೆಗೂ ಇಲ್ಲ.

"ಎಂಥದಿದು..." ಎಂದರು. ಕೀ ಕಿತ್ತರೆ ಸ್ಟಿಯರಿಂಗ್ ಬಿಗಿದುಕೊಳ್ಳುವ ಕಾರು ಅದು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬ್ರೇಕ್ ತುಳಿದರು, ಚೂರು ಹಿಡಿಯಿತು. ಮತ್ತೆ ತುಳಿದರೆ ಪೆಡಲು ಕಲ್ಲಿನಂತೆ ಗಟ್ಟಿ. ಎಂಜಿನ್ ಇಲ್ಲದೆ ಆ ಬ್ರೇಕಿಗೂ ಬಲವಿಲ್ಲ. ಕೀಗಾಗಿ ಜೇಬಿಗೆ ಕೈ ಹಾಕಿದರು. ಸ್ಯಾಂಪಲ್ಲಿಗೆ ತಂದಿದ್ದ ಮೆಣಸಿನ ಕಾಳೆಲ್ಲ ಮಡಿಲಿಗೆ ಸುರಿಯಿತು, ಕೀ ಸೀಟಿನ ಸಂದಿಗೆ ಬಿತ್ತು. ವರ್ಷಗಟ್ಟಲೆ ಮನಸ್ಸಿನಲ್ಲೇ ಅಭ್ಯಾಸ ಮಾಡಿಟ್ಟಿದ್ದ ಕಿರುಚಾಟ ನನಗೆ ಬೇಕಾದ ಹೊತ್ತಿಗೆ ಬಾಯಿಗೆ ಬರಲೇ ಇಲ್ಲ. ಕಾಕಾ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದರು. ಸುಟ್ಟ ವಾಸನೆ ಎದ್ದಿತು. ಕಾರು ಧರೆಯನ್ನು ಕೆರೆಯುತ್ತ ಹೋಗಿ ಚರಂಡಿಯಲ್ಲಿ ವಾಲಿ ನಿಂತಿತು. ಬಾನೆಟ್ಟಿನ ಮೇಲೆ ಕೆಂಪು ಮಣ್ಣು ಉದುರಿತು.

ಸ್ಟಿಯರಿಂಗ್ ಬಿಗಿದದ್ದು ಎಡಕ್ಕೆ ತಿರುಗಿದ್ದಾಗ. ಅದಕ್ಕೇ ಧರೆ ಸಿಕ್ಕಿತು. ಮುಂದಿನ ತಿರುವು ಬಲಕ್ಕಿತ್ತು...

ಇಳಿದು ರಸ್ತೆಯಂಚಿನಲ್ಲಿ ಕೂತೆವು. ಕಾಕಾ ಅವರ ಕೈ ನಡುಗುತ್ತಿತ್ತು. ಅದನ್ನು ನಾನು ಎಂದೂ ನೋಡಿರಲಿಲ್ಲ. ಅವರೂ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ನಿಮಗೆ ಯಾವಾಗ್ಲೂ ಹೀಗೇ ಆಗ್ತಿತ್ತಾ?"

ಹೌದು ಎಂದು ತಲೆಯಾಡಿಸಿದೆ.

"ಯಾ ಅಲ್ಲಾ... ಮತ್ತೆ ಹ್ಯಾಗೆ ನನ್ನ ಜೊತೆ ಬರ್ತಿದ್ರಿ ಮಾರಾಯ್ರೇ?"

ಅದಾದ ಮೇಲೆ ಅವರು ಕಾರು ಮುಟ್ಟಲಿಲ್ಲ. ರಿಪೇರಿಯಾದದ್ದನ್ನು ಅಳಿಯನಿಗೆ ಕೊಟ್ಟು ಬಸ್ಸು ಹಿಡಿದರು. ಡ್ರೈವರನ ಹಿಂದಿನ ಸೀಟೇ ಆಗಬೇಕು. ಇಳಿಜಾರು ಬಂದರೆ ಮುಂದಕ್ಕೆ ಬಾಗಿ, "ಎಂಜಿನ್ ಚಾಲೂ ಇದೆಯಲ್ಲ?" ಎಂದು ಕೇಳುವರು. ಡ್ರೈವರುಗಳು ನಗುತ್ತಿದ್ದರು. ಹೆದರುವವರ ಪೈಕಿ ಒಬ್ಬರು ಹೆಚ್ಚಾದರಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರು ಹೆದರದೆ ಇದ್ದುದರಿಂದಲೇ ನಾನು ಪಕ್ಕದಲ್ಲಿ ಆರಾಮಾಗಿ ಹೆದರುತ್ತ ಕೂರಬಹುದಿತ್ತು. ಈಗ ಬಸ್ಸಿನಲ್ಲಿ ಇಬ್ಬರೂ ಹೆದರುತ್ತಿದ್ದೆವು, ಧೈರ್ಯ ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ನನಗೆ ವರ್ಗವಾಯಿತು. ಅವರು ಹೋದ ಸುದ್ದಿ ಫೋನಿನಲ್ಲಿ ಬಂತು. ಮಲಗಿದಲ್ಲೇ, ನೆಮ್ಮದಿಯಾಗಿ ಹೋದರಂತೆ. ಮಣ್ಣಿಗೆ ಹೋಗಲು ನನಗಾಗಲಿಲ್ಲ...

"ದೇಶಿದು ನೋಡ್ತೀರೋ, ಫಾರಿನ್ ಕಂಪನಿದೋ ಸಾರ್? ಮೈಲೇಜ್ ಎರಡೂ ಹತ್ತತ್ರ" ಎಂದಳು ಹುಡುಗಿ.

"ಇಳಿಜಾರಲ್ಲಿ ಎಂಜಿನ್ ನಿಂತ್ರೆ ಸ್ಟಿಯರಿಂಗ್ ತಿರುಗುತ್ತೇನಮ್ಮ?"

"ಯಾಕೆ ಸಾರ್ ನಿಲ್ಲುತ್ತೆ?" ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

ಬಟನ್ ಒತ್ತಿದೆ. ಏನೂ ಕೇಳಿಸಲಿಲ್ಲ. ಆನ್ ಆಗಿದೆಯಾ ಎಂದರೆ ಆಗಿದೆ ಎಂದಳು. ಅದೇ ಹಳೆಯ ಇಳಿಜಾರಿನ ಮೌನ. ಇಷ್ಟು ವಯಸ್ಸಾದ ಮೇಲೆ ಕೊಳ್ಳಲು ಹೊರಟ ಮೊದಲ ಕಾರಿನಲ್ಲಿ, ಕೀ ಜೇಬಿನಲ್ಲಿಟ್ಟುಕೊಂಡು, ಸ್ಟಿಯರಿಂಗಿನ ಹಿಂದೆ ನಾನು ಕೂತಿದ್ದೆ. ಅಭ್ಯಾಸಬಲದಿಂದ ಕೈ ಬಾಗಿಲ ಮೇಲಿನ ಹಿಡಿಯನ್ನು ಹುಡುಕಿತು. ಅಲ್ಲಿ ಹಿಡಿ ಇರಲಿಲ್ಲ. ಪಕ್ಕದ ಸೀಟಿಗಿತ್ತು, ಹಿಂದಿನವರಿಗೂ ಇತ್ತು. ಓಡಿಸುವವರಿಗೆ ಮಾತ್ರ ಇಲ್ಲ.

ಕಾಕಾ ಅಷ್ಟು ವರ್ಷ ಕೂತಿದ್ದದ್ದು ಈ ಕಡೆ.